ಕಡಲು ದಾಟಿ ಬಂದ ಡಾಕ್ಟರಮ್ಮನವರು



ಈ ಅಂಕಣದಲ್ಲಿ ಸಾಮಾನ್ಯವಾಗಿ ಶೇಂಗಾ ಬೀಜೋಪಚಾರ, ಕಂಬಳಿಹುಳು, ಕುರಿಗಳ ಜಂತುಬಾಧೆ ಇಂಥ ವಿಷಯಗಳೇ ಬರುತ್ತವೆ. ಈ ಸಲ ಹೊಲ ಬಿಟ್ಟು ಬಾಣಂತಿ ಕೋಣೆಯ ಕಡೆ ಹೋಗೋಣ. ಡಿಸೆಂಬರ್ 5ನೇ ತಾರೀಖನ್ನು ವಿಶ್ವಸಂಸ್ಥೆಯವರು 1985ರಲ್ಲಿ ಅಂತರರಾಷ್ಟ್ರೀಯ ಸ್ವಯಂಸೇವಕರ ದಿನವೆಂದು ಗೊತ್ತುಮಾಡಿದರು. ಸ್ವಯಂಸೇವಕರು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೆನ್ನಿಗೆ ಚೀಲ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಬಿಳಿಯ ಹುಡುಗ ಹುಡುಗಿಯರು. ಆದರೆ ಆ ಹೆಸರು ಹುಟ್ಟುವ ಮೊದಲೇ ನಮ್ಮ ದೇಶದ ಹೆಂಗಸರಿಗಾಗಿ ಮನೆಮಾರು ಬಿಟ್ಟು ಬಂದವರಿದ್ದರು. ಅವರಲ್ಲಿ ಒಬ್ಬರು ದುಡಿದದ್ದು ನಮ್ಮ ಆಂಧ್ರದ ಗುಂಟೂರಿನಲ್ಲೇ. ಆದರೂ ನಮ್ಮ ಸೀಮೆಯಲ್ಲಿ ಅವರ ಹೆಸರು ಕೇಳಿದವರು ಬಹಳ ಕಡಿಮೆ.

ಕಥೆ ಶುರುವಾಗುವುದು ಸ್ಕಾಟ್ಲೆಂಡಿನಲ್ಲಿ. ಆಗ್ನೆಸ್ ಮೆಕ್ಲಾರೆನ್ ಹುಟ್ಟಿದ್ದು 1837ರಲ್ಲಿ, ಎಡಿನ್‌ಬರೋ ಪಟ್ಟಣದ ದೊಡ್ಡ ಮನೆತನದಲ್ಲಿ. ಆಕೆಗೆ ಡಾಕ್ಟರಾಗುವ ಆಸೆ. ಆದರೆ ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ವೈದ್ಯ ಪದವಿ ಕೊಡುತ್ತಿರಲಿಲ್ಲ. ಆಕೆ ಫ್ರಾನ್ಸಿಗೆ ಹೋಗಿ ಮಾಂಪೆಲಿಯೆ ಎಂಬಲ್ಲಿ ಓದಿ 1878ರಲ್ಲಿ ಪದವಿ ಪಡೆದರು. ಅರವತ್ತೊಂದನೆಯ ವಯಸ್ಸಿನಲ್ಲಿ ಕಥೋಲಿಕ ಸಭೆಗೆ ಸೇರಿದರು. ಆಮೇಲೆ ಅವರ ಗಮನ ಬಿದ್ದದ್ದು ಭಾರತದ ಮೇಲೆ. ಉತ್ತರದ ಕಡೆ ಗೋಷಾದಲ್ಲಿದ್ದ ಹೆಂಗಸರನ್ನು ಗಂಡಸು ಡಾಕ್ಟರು ನೋಡುವಂತಿರಲಿಲ್ಲ, ಮುಟ್ಟುವಂತಿರಲಿಲ್ಲ. ಹೆರಿಗೆ ಕಷ್ಟವಾದರೆ ಸಾಯಬೇಕು, ಅಷ್ಟೆ. ಊರಲ್ಲಿ ಡಾಕ್ಟರಿದ್ದೂ ಹೆಣ್ಣು ಸತ್ತಳು ಅಂದರೆ ಅದು ರೋಗದಿಂದ ಆದ ಸಾವು ಎನ್ನಲು ನನಗೆ ಬಾಯಿ ಬರುವುದಿಲ್ಲ. ಡಾಕ್ಟರಮ್ಮ ಮೆಕ್ಲಾರೆನ್ ಮುಂದೆ ನಿಂತು ರಾವಲ್ಪಿಂಡಿಯಲ್ಲಿ ಸಂತ ಕ್ಯಾಥರೀನಳ ಹೆಸರಿನ ಹೆಂಗಸರ ಆಸ್ಪತ್ರೆ ಕಟ್ಟಿಸಿದರು. ಅದಕ್ಕಾಗಿ ಎಪ್ಪತ್ತು ದಾಟಿದ ಮುಪ್ಪಿನಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದುಹೋದರು. ರಾವಲ್ಪಿಂಡಿ ಈಗ ಪಾಕಿಸ್ತಾನದಲ್ಲಿದೆ.

ಆಸ್ಪತ್ರೆ ಆಯಿತು, ಡಾಕ್ಟರಮ್ಮ ಎಲ್ಲಿ? ಇಲ್ಲಿ ನಮ್ಮ ಸಭೆಯ ಒಂದು ಕಟ್ಟಳೆಯ ವಿಷಯ ಹೇಳಲೇಬೇಕು. ಆಗ ಕನ್ಯಾಸ್ತ್ರೀಯರು ರೋಗಿಗಳ ಶುಶ್ರೂಷೆ ಮಾಡಬಹುದಿತ್ತು, ಆದರೆ ಡಾಕ್ಟರಾಗಿ ವೈದ್ಯ ಮಾಡುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಅಡ್ಡಿಯಿತ್ತು. ಮೆಕ್ಲಾರೆನ್ ಮತ್ತೆ ಮತ್ತೆ ರೋಮಿಗೆ ಹೋಗಿ ಈ ಅಡ್ಡಿ ತೆಗೆಯಬೇಕೆಂದು ಅರಿಕೆ ಮಾಡಿಕೊಂಡರು. 1913ರಲ್ಲಿ ತೀರಿಕೊಂಡರು, ಅಡ್ಡಿ ಹಾಗೇ ಉಳಿದಿತ್ತು. ಆದರೆ ಆಕೆಯ ಬದುಕಿನ ಕಥೆ ಚಿಕ್ಕ ಪುಸ್ತಿಕೆಯಾಗಿ ಊರೂರು ತಿರುಗಿತು.

ಅಂಥ ಒಂದು ಪುಸ್ತಿಕೆ 1915ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಪಟ್ಟಣದಲ್ಲಿ ಒಬ್ಬ ಡಾಕ್ಟರಮ್ಮನ ಕೈಗೆ ಸಿಕ್ಕಿತು. ಅವರೇ ಮೇರಿ ಗ್ಲೌರಿ. 1887ರಲ್ಲಿ ಹುಟ್ಟಿ, ವಿಕ್ಟೋರಿಯಾ ಪ್ರಾಂತ್ಯದಲ್ಲಿ ಮಳೆ ಕಡಿಮೆಯ ಗೋಧಿ ಬೆಳೆಯುವ ಸೀಮೆಯಲ್ಲಿ ಬೆಳೆದವರು. ನಮ್ಮಂತೆಯೇ ಮುಗಿಲು ನೋಡಿಕೊಂಡು ಬದುಕುವ ಜನರ ನಡುವಿನವರು ಅನ್ನಿ. 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ ಹೊರಬಂದು, ಪಟ್ಟಣದ ದೊಡ್ಡ ಬೀದಿಯಲ್ಲಿ ಒಳ್ಳೆಯ ವೈದ್ಯವೃತ್ತಿ ನಡೆಸುತ್ತಿದ್ದರು. ಆ ಪುಸ್ತಿಕೆ ಓದಿದ ಮೇಲೆ ಮನಸ್ಸು ಭಾರತದ ಕಡೆ ತಿರುಗಿತು. ಆದರೆ ಮರುದಿನವೇ ಗಂಟುಮೂಟೆ ಕಟ್ಟಲಿಲ್ಲ, ಇದನ್ನು ಗಮನಿಸಬೇಕು. ನಾಲ್ಕು ವರ್ಷ ಅಲ್ಲೇ ನಿಂತು ಸ್ತ್ರೀರೋಗ, ಹೆರಿಗೆ, ಕಣ್ಣಿನ ವೈದ್ಯ ಇವುಗಳಲ್ಲಿ ಮೇಲಿನ ಓದು ಮುಗಿಸಿ 1919ರಲ್ಲಿ ಎಂ.ಡಿ. ಪಡೆದರು. ಇಲ್ಲಿ ಏನು ಬೇಕೋ ಅದನ್ನು ಕಲಿತುಕೊಂಡೇ ಹೊರಟರು.

1920ರ ಫೆಬ್ರವರಿಯಲ್ಲಿ ಗುಂಟೂರು ಮುಟ್ಟಿದರು. ಅಲ್ಲಿ ಯೇಸು ಮರಿಯ ಜೋಸೆಫರ ಸಭೆಯ ಕನ್ಯಾಸ್ತ್ರೀಯರು, ನಾವು ಜೆ.ಎಂ.ಜೆ. ಸಿಸ್ಟರಮ್ಮನವರು ಎನ್ನುತ್ತೇವಲ್ಲ ಅವರು, ಸಣ್ಣದಾಗಿ ಔಷಧಾಲಯ ನಡೆಸುತ್ತಿದ್ದರು. ಮೇರಿ ಅವರ ಮಠಕ್ಕೇ ಸೇರಿದರು. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಕನ್ಯಾಸ್ತ್ರೀಯಾಗಿದ್ದೂ ವೈದ್ಯ ಮಾಡಲು ಅವರಿಗೆ ವಿಶೇಷ ಅಪ್ಪಣೆ ಕೊಟ್ಟರು. ಔಷಧಾಲಯ ಬೆಳೆದು ಸಂತ ಜೋಸೆಫರ ಆಸ್ಪತ್ರೆಯಾಯಿತು.

ನನ್ನ ಮಟ್ಟಿಗೆ ಅವರ ನಿಜವಾದ ಕೆಲಸ ಕಟ್ಟಡದ್ದಲ್ಲ. ಒಬ್ಬ ಡಾಕ್ಟರಮ್ಮ ದಿನಕ್ಕೆ ಎಷ್ಟು ಜನರನ್ನು ನೋಡಿಯಾಳು? ಅದಕ್ಕೇ ಅವರು ಅಲ್ಲಿನ ಹೆಣ್ಣುಮಕ್ಕಳನ್ನೇ ಸೂಲಗಿತ್ತಿಯರಾಗಿ, ದಾದಿಯರಾಗಿ, ಕಾಂಪೌಂಡರುಗಳಾಗಿ ತಯಾರು ಮಾಡಿದರು. ಸೂಲಗಿತ್ತಿ, ತೆಲುಗಿನಲ್ಲಿ ಮಂತ್ರಸಾನಿ, ನಮ್ಮ ಹಳ್ಳಿಗಳಿಗೆ ಹೊಸಬಳಲ್ಲ. ಆದರೆ ಕೈ ತೊಳೆಯದೆ ಒಳಗೆ ಕೈಹಾಕುವುದು, ಹೊಕ್ಕುಳಬಳ್ಳಿಯನ್ನು ಸಿಕ್ಕ ಕುಡುಗೋಲಿನಲ್ಲಿ ಕೊಯ್ಯುವುದು, ಮೇಲೆ ಬೂದಿಯೋ ಸಗಣಿಯೋ ಮೆತ್ತುವುದು, ಇವುಗಳಿಂದ ತಾಯಿಗೆ ನಂಜು, ಮಗುವಿಗೆ ಧನುರ್ವಾಯು. ಸಾಬೂನು, ಕುದಿಸಿದ ಅಲಗು, ಕುದಿಸಿದ ದಾರ, ಇಷ್ಟನ್ನು ತಿಳಿದ ಹುಡುಗಿ ಒಬ್ಬಳು ಕೇರಿಯಲ್ಲಿದ್ದರೆ ಎಷ್ಟು ಜೀವ ಉಳಿದಾವು ಎಂದು ಯೋಚಿಸಿ. ಅದರ ಜೊತೆ ಆ ಹುಡುಗಿಯ ಕೈಗೆ ಸಂಬಳ ಬರುತ್ತದೆ, ಮನೆಯಲ್ಲಿ ಅವಳ ಮಾತಿಗೆ ಬೆಲೆ ಬರುತ್ತದೆ. ಬಡತನ ಹೋಗುವುದು ಹೀಗೆ. ಒಂದು ಕಷ್ಟದ ಹೆರಿಗೆಗೆ ಜೋಡೆತ್ತು ಮಾರಿದ ಮನೆ ಯಾವುದು, ಸಾಲ ತಂದ ಮನೆ ಯಾವುದು, ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

1943ರಲ್ಲಿ ಸಿಸ್ಟರ್ ಮೇರಿಯವರು ದೇಶದ ಕಥೋಲಿಕ ಆಸ್ಪತ್ರೆಗಳನ್ನೆಲ್ಲ ಕೂಡಿಸುವ ಸಂಘವನ್ನು ಸ್ಥಾಪಿಸಿದರು. ಈಗ ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ನಮ್ಮದೇ ಒಂದು ವೈದ್ಯ ಕಾಲೇಜು ಬೇಕೆಂಬುದು ಅವರ ದೊಡ್ಡ ಆಸೆ. ಅವರು 1957ರ ಮೇ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಈ ದೇಶಕ್ಕೆ ಬಂದು ಮೂವತ್ತೇಳು ವರ್ಷವಾಗಿತ್ತು. ಆರು ವರ್ಷದ ಮೇಲೆ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯ ಕಾಲೇಜು ಆರಂಭವಾಯಿತು. ಮಡಕಶಿರಾದಿಂದ, ಹೊಸೂರಿನಿಂದ ಚೀಟಿ ಹಿಡಿದು ಸೇಂಟ್ ಜಾನ್ಸ್‌ಗೆ ಓಡುವ ನಮ್ಮವರು ಆ ಮುದುಕಿಯ ಆಸೆಯ ನೆರಳಿನಲ್ಲೇ ಸಾಲು ನಿಲ್ಲುತ್ತಾರೆ. 2013ರಲ್ಲಿ ಪವಿತ್ರ ಸಭೆ ಅವರನ್ನು ದೇವರ ಸೇವಕಿ ಎಂದು ಕರೆಯಿತು.

ಮೆಕ್ಲಾರೆನ್ ಅವರ ಇನ್ನೊಬ್ಬ ಶಿಷ್ಯೆ ಆಸ್ಟ್ರಿಯಾದ ಅನ್ನಾ ಡೆಂಗೆಲ್. ಇಬ್ಬರದೂ ಕಾಗದದ ಪರಿಚಯ. ಭಾರತಕ್ಕೆ ಬರಬೇಕಾದರೆ ಬ್ರಿಟಿಷರು ಒಪ್ಪುವ ಪದವಿ ಬೇಕು ಎಂಬ ಸಲಹೆಯಂತೆ ಅನ್ನಾ ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಓದಿ, 1920ರಲ್ಲಿ ರಾವಲ್ಪಿಂಡಿಯ ಆ ಆಸ್ಪತ್ರೆಗೇ ಬಂದರು. ಕೆಲವು ವರ್ಷ ದುಡಿದ ಮೇಲೆ, ಒಬ್ಬಳಿಂದ ಆಗದು ಎಂದು ಕಂಡುಕೊಂಡು 1925ರಲ್ಲಿ ಅಮೆರಿಕಾದ ವಾಷಿಂಗ್ಟನ್‌ನಲ್ಲಿ ಇನ್ನು ಮೂವರನ್ನು ಕೂಡಿಕೊಂಡು ವೈದ್ಯಸೇವೆಗೆಂದೇ ಒಂದು ಸಂಘ ಕಟ್ಟಿದರು. 1936ರ ಫೆಬ್ರವರಿ 11ರಂದು ರೋಮ್ ಕೊನೆಗೂ ಆ ಹಳೆಯ ಅಡ್ಡಿಯನ್ನು ತೆಗೆಯಿತು. ಮೆಕ್ಲಾರೆನ್ ತೀರಿಕೊಂಡು ಆಗಲೇ ಇಪ್ಪತ್ಮೂರು ವರ್ಷ.

ವೆಲ್ಲೂರಿನ ಮಾತು ಬಿಟ್ಟರೆ ತಪ್ಪಾದೀತು. ಡಾಕ್ಟರಮ್ಮ ಐಡಾ ಸ್ಕಡರ್ ನಮ್ಮ ಕಥೋಲಿಕ ಸಭೆಯವರಲ್ಲ, ಅದರಿಂದೇನು? ಒಂದೇ ರಾತ್ರಿ ಮೂವರು ಗಂಡಂದಿರು ಬೇರೆ ಬೇರೆಯಾಗಿ ಬಂದು ತಮ್ಮ ಹೆಂಡತಿಯ ಹೆರಿಗೆಗೆ ಆಕೆಯನ್ನು ಕರೆದರು. ಆಕೆ ಆಗ ಡಾಕ್ಟರಲ್ಲ, ಡಾಕ್ಟರಾಗಿದ್ದ ತಂದೆ ಗಂಡಸು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ಸತ್ತರು. ಆಕೆ ಅಮೆರಿಕಾಕ್ಕೆ ಹೋಗಿ ವೈದ್ಯ ಕಲಿತು ಬಂದು, 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ವೈದ್ಯಶಾಲೆ ತೆರೆದರು. ಗಂಡುಹುಡುಗರಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 1947ರಲ್ಲಿ!

ಈಗಲೂ ಹೊರದೇಶದಿಂದ ಸ್ವಯಂಸೇವಕರು ಬರುತ್ತಾರೆ. ಎರಡು ವಾರ ಬಂದು ಶಾಲೆಯ ಗೋಡೆಗೆ ಬಣ್ಣ ಬಳಿದು ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೋಗುವವರೂ ಉಂಟು. ಮನಸ್ಸು ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಬಣ್ಣ ಬಳಿಯಲು ನಮ್ಮೂರಲ್ಲೇ ಕೂಲಿಯಿಲ್ಲದ ಹುಡುಗರಿದ್ದಾರೆ. ಬಂದವರು ಹೋದ ಮೇಲೆ ಇಲ್ಲಿಯ ಹುಡುಗಿಯ ಕೈಯಲ್ಲಿ ಯಾವ ವಿದ್ಯೆ ಉಳಿಯಿತು ಎಂಬುದನ್ನೇ ನಾನು ಕೇಳುವುದು. ಇನ್ನು ಗಾಳಿ ತಿರುಗಿಯೂ ಇದೆ: ನಮ್ಮ ದೇಶದ ಸಿಸ್ಟರಮ್ಮನವರು ಇಂದು ಆಫ್ರಿಕಾದ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದಾರೆ.

ಇಷ್ಟೆಲ್ಲ ಓದಿ, ಮನೆಯಲ್ಲಿ ಬಸುರಿ ಸೊಸೆಯನ್ನು ಶೇಂಗಾ ಬಿಡಿಸಲು ಕೂರಿಸಿ ಕೊನೆಗೆ ಉಳಿದದ್ದನ್ನು ಉಣ್ಣಿಸಿದರೆ ಏನು ಬಂತು? ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ನೂರಾ ಎಂಬತ್ತು ದಿನ, ಹೆರಿಗೆಯಾದ ಮೇಲೆ ಮತ್ತೆ ಅಷ್ಟೇ ದಿನ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ನೀರಾದರೆ ಒಳ್ಳೆಯದು. ಸುಣ್ಣದಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡಿ. ಸಜ್ಜೆ ರೊಟ್ಟಿ, ನುಗ್ಗೆಸೊಪ್ಪು, ಹುರಿಗಡಲೆ ನಿಮ್ಮ ಮನೆಯಲ್ಲೇ ಇವೆ. ತಲೆನೋವು, ಕಣ್ಣು ಮಂಜು, ಮುಖ ಕೈ ಬಾವು, ರಕ್ತ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹತ್ತನೇ ತರಗತಿ ಮುಗಿಸಿದ ಹುಡುಗಿಗೆ ಗಂಡು ನೋಡಲು ಹೊರಟವರಿಗೆ ಒಂದು ಮಾತು. ಹದಿನೆಂಟು ತುಂಬುವ ಮೊದಲು ಮದುವೆ ಕಾನೂನಿಗೆ ವಿರುದ್ಧ, ನಾನೂ ಓಲೆ ಓದುವುದಿಲ್ಲ. ಹನ್ನೆರಡನೆಯದನ್ನು ಪಾಸು ಮಾಡಿದರೆ ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಬಿ.ಎಸ್ಸಿ.ಗೆ ವಿಜ್ಞಾನ ಓದಿರಬೇಕು, ಆದ್ದರಿಂದ ಹನ್ನೊಂದಕ್ಕೆ ಸೇರಿಸುವಾಗಲೇ ಯೋಚಿಸಿ. ಸೇರುವ ಕಾಲೇಜಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮೊದಲೇ ನೋಡಿ. ದಲ್ಲಾಳಿಗಳ ಕೈಗೆ ಒಂದು ಪೈಸೆಯನ್ನೂ ಕೊಡಬೇಡಿ. ಅರ್ಜಿ ತುಂಬುವುದು ತಿಳಿಯದವರು ಭಾನುವಾರ ಪೂಜೆಯಾದ ಮೇಲೆ ಅಂಕಪಟ್ಟಿ, ಆಧಾರ್, ಆದಾಯ ಪತ್ರಗಳೊಂದಿಗೆ ಹುಡುಗಿಯನ್ನೂ ಕರೆದುಕೊಂಡು ಗುರುಮನೆಗೆ ಬನ್ನಿ.