ಮಾತಿನ ಮೋಡಿ ಮತ್ತು ಪುರಾವೆಯ ತೂಕ

ಜನರು ತಮ್ಮ ವ್ಯಾಜ್ಯಗಳನ್ನು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ತರುತ್ತಿದ್ದರು. ಒಮ್ಮೆ ಅವರು ವಾದಿಗಳಿಗೆ ಒಂದು ಎಚ್ಚರಿಕೆ ನೀಡಿದರು. ತಾನೂ ಒಬ್ಬ ಮನುಷ್ಯ. ನಿಮ್ಮಲ್ಲೊಬ್ಬನು ಇನ್ನೊಬ್ಬನಿಗಿಂತ ಚತುರವಾಗಿ ವಾದ ಮಂಡಿಸಬಹುದು, ಕೇಳಿದ್ದನ್ನು ಆಧರಿಸಿ ತಾನು ಅವನ ಪರವಾಗಿ ತೀರ್ಪು ಕೊಡಬಹುದು. ಹಾಗೆ ಸಹೋದರನ ಹಕ್ಕು ಯಾರ ಕೈಗಾದರೂ ಬಂದರೆ ಅವನು ಅದನ್ನು ಪಡೆಯದಿರಲಿ, ಅದು ನರಕಾಗ್ನಿಯ ತುಂಡು. ಉಮ್ಮು ಸಲಮಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಚೆನ್ನಾಗಿ ಮಾತಾಡುವುದು ಬೇರೆ, ಸತ್ಯವಾಗಿರುವುದು ಬೇರೆ ಎಂಬುದು ಇದರಿಂದ ಸ್ಪಷ್ಟ. ಹಾಗೆಂದು ವಾಕ್ಚಾತುರ್ಯ ಕೆಟ್ಟದ್ದಲ್ಲ. ಫಿರ್‌ಔನನ ಬಳಿಗೆ ಹೋಗುವಾಗ ಮೂಸಾ(ಅ) ತಮ್ಮ ನಾಲಿಗೆಯ ಗಂಟು ಬಿಡಿಸುವಂತೆ ಪ್ರಾರ್ಥಿಸಿದರು. ತನಗಿಂತ ಚೆನ್ನಾಗಿ ಮಾತಾಡಬಲ್ಲ ಹಾರೂನ್(ಅ)ರನ್ನು ಜೊತೆಗೆ ಕೇಳಿಕೊಂಡರು. ಕೆಲವು ಮಾತುಗಳಲ್ಲಿ ಮಾಂತ್ರಿಕತೆ ಇದೆ ಎಂಬ ಪ್ರವಾದಿವಚನವನ್ನು ಕೆಲವು ವಿದ್ವಾಂಸರು ಪ್ರಶಂಸೆಯಾಗಿಯೂ ಕೆಲವರು ಎಚ್ಚರಿಕೆಯಾಗಿಯೂ ಅರ್ಥೈಸಿದ್ದಾರೆ. ಎರಡೂ ಸರಿಯೇ. ಮಾತು ಸತ್ಯವನ್ನೂ ಹೊರಬಲ್ಲದು, ಸುಳ್ಳನ್ನೂ ಹೊರಬಲ್ಲದು. ಹೊತ್ತಿರುವುದು ಯಾವುದೆಂದು ನೋಡುವ ಹೊಣೆ ಕೇಳುವವನದ್ದು.

ಒಂದೇ ಪದ, ಎರಡು ಅರ್ಥ

ಸೂರಃ ಅಲ್‌ಬಕರದಲ್ಲಿ ಇಬ್ರಾಹೀಮ್(ಅ) ಮತ್ತು ಒಬ್ಬ ಅರಸನ ನಡುವಿನ ವಾದ ಬರುತ್ತದೆ (2:258). ಜೀವ ಕೊಡುವವನೂ ಮರಣ ಕೊಡುವವನೂ ತನ್ನ ಪ್ರಭು ಎಂದು ಇಬ್ರಾಹೀಮ್(ಅ) ಹೇಳಿದಾಗ, ತಾನೂ ಅದನ್ನು ಮಾಡುತ್ತೇನೆಂದು ಅರಸ ಹೇಳಿದ. ಅವನು ಇಬ್ಬರು ಕೈದಿಗಳಲ್ಲಿ ಒಬ್ಬನನ್ನು ಕೊಲ್ಲಿಸಿ ಇನ್ನೊಬ್ಬನನ್ನು ಬಿಟ್ಟುಬಿಟ್ಟ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಇಲ್ಲಿ ಪದ ಬದಲಾಗಲಿಲ್ಲ, ಅರ್ಥ ಬದಲಾಯಿತು. ಇಲ್ಲದ ಜೀವವನ್ನು ಉಂಟುಮಾಡುವುದಕ್ಕೂ ಇರುವ ಜೀವವನ್ನು ತೆಗೆಯದೆ ಬಿಡುವುದಕ್ಕೂ ಅಜಗಜಾಂತರವಿದೆ. ಇಬ್ರಾಹೀಮ್(ಅ) ಪದದ ಬೆನ್ನು ಹತ್ತಿ ಜಗಳಕ್ಕೆ ನಿಲ್ಲಲಿಲ್ಲ. ಅಲ್ಲಾಹನು ಸೂರ್ಯನನ್ನು ಪೂರ್ವದಿಂದ ತರುತ್ತಾನೆ, ನೀನು ಪಶ್ಚಿಮದಿಂದ ತಾ ಎಂದರು. ಪದದಾಟಕ್ಕೆ ಎಡೆಯಿಲ್ಲದ ಪ್ರಶ್ನೆ ಬಂದಾಗ ಅರಸ ನಿರುತ್ತರನಾದ.

ಈ ಪಾಠ ನಮಗೆ ಎಷ್ಟು ಅಗತ್ಯವೆಂಬುದನ್ನು 2019ರ ಜೂನ್ ತೋರಿಸಿಕೊಟ್ಟಿತು. ಬೆಂಗಳೂರಿನ ಐಎಂಎ ಸಂಸ್ಥೆಯಲ್ಲಿ ಹಣ ತೊಡಗಿಸಿದ್ದ ಸಾವಿರಾರು ಜನ ಶಿವಾಜಿನಗರದ ಅದರ ಕಚೇರಿಯ ಮುಂದೆ ಕಂಗಾಲಾಗಿ ನಿಂತರು. 40 ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು, ಆಮೇಲೆ ತನಿಖೆ ಸಿಬಿಐಗೆ ಹೋಯಿತು. ಹಣ ಹಾಕಿದ್ದವರಲ್ಲಿ ಬಹುಪಾಲು ಜನ ನಮ್ಮವರೇ. ಬಡ್ಡಿಯಿಂದ ದೂರವಿರಬೇಕೆಂಬ ಒಳ್ಳೆಯ ಉದ್ದೇಶವೇ ಅನೇಕರನ್ನು ಅಲ್ಲಿಗೆ ಕರೆದೊಯ್ದಿತ್ತು.

ಮೂರು ವಾದಗಳು

ಇಂತಹ ಯೋಜನೆಗಳ ಪರವಾಗಿ ಸಾಮಾನ್ಯವಾಗಿ ಮೂರು ವಾದಗಳು ಕೇಳಿಬರುತ್ತವೆ. ಒಂದೊಂದನ್ನಾಗಿ ತೂಗಿ ನೋಡೋಣ.

ಮೊದಲನೆಯದು, "ಇದು ಹಲಾಲ್" ಎಂಬ ಮಾತು. ಮುದಾರಬದಲ್ಲಿ ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ, ನಷ್ಟವಾದರೆ ಬಂಡವಾಳ ಕರಗುತ್ತದೆ. ನಷ್ಟದ ಮಾತೇ ಇಲ್ಲದೆ ತಿಂಗಳಿಗಿಷ್ಟು ಖಚಿತ ಎಂದು ಭರವಸೆ ಕೊಟ್ಟರೆ ಅದು ಮುದಾರಬವೇ ಅಲ್ಲ. ಹೆಸರು ಉಳಿದಿದೆ, ಅರ್ಥ ಹೋಗಿದೆ.

ಎರಡನೆಯದು, "ದೊಡ್ಡವರೆಲ್ಲ ಇದ್ದಾರೆ" ಎಂಬುದು. ಆಲಿಮರೊಬ್ಬರು ಸಮಾರಂಭಕ್ಕೆ ಬಂದು ದುಆ ಮಾಡಿದ್ದರೆ ಅವರು ಬಂದಿದ್ದರೆಂಬುದಷ್ಟೇ ಸಾಬೀತು. ಲೆಕ್ಕಪುಸ್ತಕ ನೋಡಿದ್ದಾರೆಂದು ಅರ್ಥವಲ್ಲ. ಫಿಕ್ಹ್ ಬಲ್ಲವರ ಮಾತಿಗೆ ಫಿಕ್ಹ್‌ನಲ್ಲಿ ತೂಕವಿದೆ. ಲೆಕ್ಕಪತ್ರದ ಬಗ್ಗೆ ಲೆಕ್ಕ ಪರಿಶೋಧಕರನ್ನೇ ಕೇಳಬೇಕು.

ಮೂರನೆಯದು ಎಲ್ಲಕ್ಕಿಂತ ಬಲವಾದದ್ದು: "ನಮ್ಮ ನೆರೆಮನೆಯವರಿಗೆ ತಿಂಗಳು ತಿಂಗಳು ಹಣ ಬರುತ್ತಿದೆಯಲ್ಲ!" ಒಂದು ಉದಾಹರಣೆ ನೋಡಿ. 1 ಲಕ್ಷ ಕೊಟ್ಟವನಿಗೆ ತಿಂಗಳಿಗೆ 3 ಸಾವಿರ ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 36 ಸಾವಿರ ಆಯಿತು. ಆದರೆ ಅವನದೇ 64 ಸಾವಿರ ಇನ್ನೂ ಅವರ ಬಳಿ ಇದೆ. ಒಂದು ಪೈಸೆ ವ್ಯಾಪಾರ ಮಾಡದೆಯೂ ಅವನ ಹಣವನ್ನೇ ಅವನಿಗೆ 33 ತಿಂಗಳು ಕೊಡುತ್ತಾ ಹೋಗಬಹುದು. ಹೊಸಬರ ಹಣ ಸೇರಿದರೆ ಇನ್ನೂ ಹೆಚ್ಚು ಕಾಲ. ಹಣ ಬಂದದ್ದು ನಿಜ. ಅದು ಲಾಭದಿಂದ ಬಂತೆಂಬುದು ನಮ್ಮ ಊಹೆ.

ಪುರಾವೆ ಯಾರ ಹೊಣೆ?

ಇವನ್ನೆಲ್ಲ ಕೇಳಿದವನಿಗೆ, "ನಿನಗೆ ಅಸೂಯೆ, ಮುಸ್ಲಿಮನ ಬಗ್ಗೆ ಕೆಟ್ಟ ಗುಮಾನಿ" ಎಂಬ ಉತ್ತರ ಸಿಗುವುದುಂಟು. ಅದು ಪ್ರಶ್ನೆಗೆ ಉತ್ತರವಲ್ಲ, ಪ್ರಶ್ನಿಸಿದವನ ಬಾಯಿ ಮುಚ್ಚಿಸುವ ಉಪಾಯ. ಪುರಾವೆ ಒದಗಿಸುವ ಹೊಣೆ ವಾದ ಹೂಡಿದವನದ್ದು ಎಂಬುದು ಹದೀಸ್ ಕಲಿಸಿದ ನಿಯಮ. ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಆದೇಶಿಸುತ್ತದೆ. ಅದು ಸಂಬೋಧಿಸುವುದು ಸತ್ಯವಿಶ್ವಾಸಿಗಳನ್ನೇ. ದಾಖಲೆ ಕೇಳುವುದು ಅಪನಂಬಿಕೆಯಾಗಿದ್ದರೆ ಅಲ್ಲಾಹನು ಅದನ್ನು ಆದೇಶಿಸುತ್ತಿರಲಿಲ್ಲ.

ಇನ್ನೊಂದು ಬದಿಯನ್ನೂ ಮರೆಯಬಾರದು. ಹೇಳಿದವನು ಇಷ್ಟವಿಲ್ಲ ಎಂಬ ಕಾರಣಕ್ಕೆ ಸತ್ಯವನ್ನು ತಳ್ಳುವುದೂ ತಪ್ಪೇ. ರಮಝಾನಿನ ಝಕಾತ್ ಕಾಯುತ್ತಿದ್ದ ಅಬೂಹುರೈರಾ(ರ)ರಿಗೆ, ಮಲಗುವ ಮುನ್ನ ಆಯತುಲ್ ಕುರ್ಸಿ ಓದುವಂತೆ ಹೇಳಿದವನು ಕದಿಯಲು ಬಂದ ಶೈತಾನ. ಅವನು ಮಹಾ ಸುಳ್ಳುಗಾರನಾದರೂ ಹೇಳಿದ ಆ ಮಾತು ಸತ್ಯ ಎಂದೇ ಪ್ರವಾದಿ(ಸ) ತಿಳಿಸಿದರು. ಅಲಿ(ರ)ಯವರನ್ನು ಯಮನಿಗೆ ನ್ಯಾಯ ತೀರ್ಮಾನಕ್ಕೆ ಕಳಿಸುವಾಗ, ಇಬ್ಬರ ಮಾತನ್ನೂ ಕೇಳದೆ ತೀರ್ಪು ಕೊಡಬಾರದೆಂದು ಉಪದೇಶಿಸಿದರು. ಯೋಜನೆಯನ್ನು ಪ್ರಶ್ನಿಸಿದ ಪತ್ರಿಕೆಯನ್ನು "ನಮ್ಮ ವಿರೋಧಿ" ಎಂದು ಬದಿಗಿಡುವ ಮುನ್ನ ನೆನಪಿಸಿಕೊಳ್ಳಬೇಕಾದ ಪಾಠಗಳಿವು.

ಕೊನೆಯದಾಗಿ, ಕೇಳುವವರಷ್ಟೇ ಅಲ್ಲ, ಹೇಳುವವರಾಗಿಯೂ ನಾವು ಹೊಣೆಗಾರರು. ತಂಗಿಯ ಚಿನ್ನವನ್ನೋ ಮಗಳ ಮದುವೆಗೆ ಕೂಡಿಟ್ಟ ಹಣವನ್ನೋ ಒಂದು ಕಡೆ ಹಾಕಿಸುವ ಮುನ್ನ, "ನಾನು ಲೆಕ್ಕ ನೋಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ" ಎನ್ನುವ ಪ್ರಾಮಾಣಿಕತೆ ಇರಲಿ. ನಮ್ಮ ಮಾತಿನ ಬಲಕ್ಕೆ ಇನ್ನೊಬ್ಬರ ಹಕ್ಕು ಕೈತಪ್ಪಿದರೆ, ಆ ಬೆಂಕಿಯ ತುಂಡಿನ ಎಚ್ಚರಿಕೆ ನಮಗೂ ಇದೆ. ಮಾತನ್ನು ತೂಗಿ ಆಡುವ, ತೂಗಿ ಕೇಳುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ, ಆಮೀನ್.