ಇವತ್ತು ಬೆಟ್ಟದ ದರ್ಶನ ಉಂಟೇ? ಮೊದಲು ಕ್ಯಾಮೆರಾ ನೋಡಿ

ಅಮೆರಿಕದ ಸಿಯಾಟಲ್ ಆಸುಪಾಸಿನಲ್ಲಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ-ಅಮ್ಮ ಬಂದರೆಂದರೆ ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಮೌಂಟ್ ರೇನಿಯರ್ ಇರಲೇಬೇಕು. 14,410 ಅಡಿ ಎತ್ತರದ, ವರ್ಷವಿಡೀ ಹಿಮ ಹೊದ್ದ ಜ್ವಾಲಾಮುಖಿ ಅದು. ಸುತ್ತಲಿನ ಕಾಡು, ಹುಲ್ಲುಗಾವಲು ಸೇರಿ 1899ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ನಗರದಿಂದ ಕಾರಿನಲ್ಲಿ ಎರಡರಿಂದ ಎರಡೂವರೆ ತಾಸು. ಆಕಾಶ ತಿಳಿಯಾದ ದಿನ ಸಿಯಾಟಲ್ ರಸ್ತೆಗಳಿಂದಲೇ ಕಾಣುತ್ತದೆ. ಆಗ ಇಲ್ಲಿನವರು 'ಇವತ್ತು ಪರ್ವತ ಹೊರಗೆ ಬಂದಿದೆ' ಎನ್ನುತ್ತಾರೆ. ಉಳಿದ ದಿನ ಅದು ಮೋಡದೊಳಗೇ ಇರುತ್ತದೆ ಎಂಬುದೂ ಆ ಮಾತಿನಲ್ಲೇ ಇದೆ.

ಸೂರ್ಯೋದಯ ನೋಡಲೆಂದು ನಸುಕಿನಲ್ಲೇ ನಂದಿ ಬೆಟ್ಟ ಹತ್ತಿ, ಬರೀ ಮಂಜು ನೋಡಿ ಇಳಿದವರಿಗೆ ಈ ಸಂಕಟ ಗೊತ್ತು. ಆದರೆ ನಂದಿಗೆ ಮುಂದಿನ ವಾರ ಮತ್ತೆ ಹೋಗಬಹುದು. ಅಪ್ಪ-ಅಮ್ಮ ಇಲ್ಲಿರುವ ದಿನಗಳಿಗೆ ಲೆಕ್ಕವಿದೆ. ಲೆಕ್ಕಪತ್ರ ನೋಡುವುದೇ ಕಸುಬಾದ ನಮಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಆರು ತಿಂಗಳೆಂದರೆ 26 ವಾರಾಂತ್ಯ. ಪ್ರಯಾಣದ ಆಯಾಸ, ನೆಂಟರ ಮನೆ, ದೇವಸ್ಥಾನ, ಮಕ್ಕಳ ಕ್ಲಾಸು, ಮಳೆ ಎಲ್ಲ ಕಳೆದರೆ ಬೆಟ್ಟಕ್ಕೆ ಉಳಿಯುವುದು ಎರಡೋ ಮೂರೋ. ಅವುಗಳನ್ನು ಮೋಡಕ್ಕೆ ಕೊಟ್ಟು ಬರಬಾರದು ಎಂದೇ ನಾವು ಹೊರಡುವ ಮುನ್ನ ಉದ್ಯಾನದ ಕ್ಯಾಮೆರಾ ನೋಡುವ ರೂಢಿ ಇಟ್ಟುಕೊಂಡಿದ್ದೇವೆ.

ಮೂರು ಎತ್ತರ, ಮೂರು ಕಣ್ಣು

ಉದ್ಯಾನದ ಆಡಳಿತ ಬೆಟ್ಟದ ಬೇರೆ ಬೇರೆ ಎತ್ತರಗಳಲ್ಲಿ ಕ್ಯಾಮೆರಾ ಇಟ್ಟಿದೆ. ಅಧಿಕೃತ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಇದು ಸಿನಿಮಾದಂತೆ ಓಡುವ ವಿಡಿಯೊ ಅಲ್ಲ, ಆಗಾಗ ಬದಲಾಗುವ ಸ್ಥಿರಚಿತ್ರ. ಸುಮಾರು 2,700 ಅಡಿಯಲ್ಲಿ ಲಾಂಗ್‌ಮೈರ್, 5,400 ಅಡಿಯಲ್ಲಿ ಪ್ಯಾರಡೈಸ್, ಪರ್ವತಾರೋಹಿಗಳು ತಂಗುವ ಸುಮಾರು 10 ಸಾವಿರ ಅಡಿಯ ಕ್ಯಾಂಪ್ ಮ್ಯೂರ್. ನಮ್ಮಂಥ ಸಂಸಾರಸ್ಥರು ಹೋಗುವುದು ಪ್ಯಾರಡೈಸ್‌ವರೆಗೆ. ಹಾಗಿದ್ದರೂ ಮೂರನ್ನೂ ನೋಡುವುದರಲ್ಲಿ ಲಾಭವಿದೆ.

ಲಾಂಗ್‌ಮೈರ್ ಮಸುಕು, ಪ್ಯಾರಡೈಸ್ ಬಿಸಿಲು ಎಂದರೆ ಮೋಡ ಕೆಳಗೇ ಕೂತಿದೆ ಎಂದರ್ಥ. ಸಿಯಾಟಲ್ ಇಡೀ ಬೂದುಬಣ್ಣದಲ್ಲಿ ಮುಳುಗಿದ ದಿನವೂ ಮೋಡದ ಹಾಸಿನ ಮೇಲೆ ಬೆಟ್ಟ ಹೊಳೆಯುತ್ತಿರಬಹುದು. ಮನೆಯ ಕಿಟಕಿಯಿಂದ ನೋಡಿ 'ಇವತ್ತು ಬೇಡ' ಎಂದವರು ಅಂಥ ದಿನವನ್ನು ಕಳೆದುಕೊಳ್ಳುತ್ತಾರೆ. ಮೇಲಿನವೆರಡೂ ಬಿಳಿಯಾಗಿದ್ದರೆ ಮೋಡ ಬೆಟ್ಟವನ್ನೇ ನುಂಗಿದೆ, ಅಥವಾ ಕ್ಯಾಮೆರಾದ ಗಾಜಿಗೆ ಹಿಮ ಮೆತ್ತಿಕೊಂಡಿದೆ.

ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಚಿತ್ರದ ಮೇಲಿನ ದಿನಾಂಕ, ಸಮಯ ನೋಡಿ. ಚಳಿಗಾಲದಲ್ಲಿ ಕ್ಯಾಮೆರಾ ಕೆಟ್ಟು ನಿಂತರೆ ನಿನ್ನೆಯ ಬಿಸಿಲನ್ನೇ ಇವತ್ತಿನದೆಂದು ನಂಬಬೇಕಾದೀತು. ದಿನಾಂಕವಿಲ್ಲದ ವೋಚರನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ, ಇದೂ ಹಾಗೆಯೇ. ಆಮೇಲೆ ಪರ್ವತ ಬಿಟ್ಟು ಪಾರ್ಕಿಂಗ್ ಜಾಗ ನೋಡಿ. ಕಾರುಗಳ ಮೇಲೆ ಹಿಮವಿದೆಯೇ? ಡಾಂಬರು ಒಣಗಿದೆಯೇ, ಒದ್ದೆಯೇ? ಜನ ದಪ್ಪ ಜಾಕೆಟ್ ಹಾಕಿದ್ದಾರೆಯೇ? ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಪಾರ್ಕಿಂಗ್ ಬೇಗ ತುಂಬಿ, ನಿಸ್ಕ್ವಾಲಿ ಪ್ರವೇಶದ್ವಾರದಲ್ಲಿ ಕಾರುಗಳ ಸಾಲು ಬೆಳೆಯುತ್ತದೆ. ಮಧುಮೇಹ ಇರುವ ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಸಾಲಿನಲ್ಲಿ ನಿಲ್ಲುವುದು ಸುಲಭವಲ್ಲ. ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊರಡುವುದು ಒಳ್ಳೆಯದು.

ಮೇ ತಿಂಗಳ ಮೋಸ

ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 6,300 ಅಡಿ. ಅದಕ್ಕಿಂತ ತಗ್ಗಿನಲ್ಲಿರುವ ಪ್ಯಾರಡೈಸ್‌ನಲ್ಲಿ ವರ್ಷಕ್ಕೆ ಸರಾಸರಿ 50 ಅಡಿಗೂ ಹೆಚ್ಚು ಹಿಮ ಬೀಳುತ್ತದೆ. ಪೆಸಿಫಿಕ್ ಸಾಗರದ ತೇವದ ಗಾಳಿ ಈ ಬೆಟ್ಟಕ್ಕೆ ಬಂದು ಮೇಲೇರುವುದೇ ಕಾರಣ. 1971-72ರಲ್ಲಿ 1,122 ಅಂಗುಲ, ಅಂದರೆ 93 ಅಡಿಗೂ ಮೀರಿ ಬಿದ್ದು ವಿಶ್ವದಾಖಲೆಯಾಗಿತ್ತು. 1998-99ರಲ್ಲಿ ಇದೇ ರಾಜ್ಯದ ಮೌಂಟ್ ಬೇಕರ್ ಆ ದಾಖಲೆ ಮುರಿಯಿತು.

ಊರಿನ ಬಿಸಿಲಿನಿಂದ ತಪ್ಪಿಸಿಕೊಂಡು ಏಪ್ರಿಲ್, ಮೇ ತಿಂಗಳಲ್ಲಿ ಬರುವ ಹಿರಿಯರಿಗೆ ಇದು ನಂಬಲಾಗದ ಸಂಗತಿ. ಸಿಯಾಟಲ್ ಅಂಗಳದಲ್ಲಿ ಹೂ ಅರಳಿರುತ್ತದೆ, ಬೆಟ್ಟದಲ್ಲೂ ಹೂವೇ ಇರಬೇಕೆಂದುಕೊಳ್ಳುತ್ತಾರೆ. ಮಾತಿನಲ್ಲಿ ಹೇಳಿದರೆ ಒಪ್ಪುವುದಿಲ್ಲ. "ಇಷ್ಟು ದೂರ ಬಂದು ಬೆಟ್ಟ ನೋಡದೇ ಹೋದರೆ ಊರಲ್ಲಿ ಏನಂತ ಹೇಳೋದು?" ಎಂದು ನಮ್ಮ ಮಾವ ಪಟ್ಟು ಹಿಡಿದಿದ್ದರು. ಅತ್ತೆಯವರ ಕೈಗೆ ಫೋನ್ ಕೊಟ್ಟು ಆ ಹೊತ್ತಿನ ಪ್ಯಾರಡೈಸ್ ತೋರಿಸಿದೆವು. ಕಾರುಗಳ ಹಿಂದೆ ಆಳೆತ್ತರದ ಹಿಮದ ಗೋಡೆ. "ಅಯ್ಯೋ, ಈ ಚಪ್ಪಲೀಲಿ ಅಲ್ಲಿ ಕಾಲಿಡೋಕಾಗುತ್ತಾ? ಜುಲೈಗೆ ಹೋಗೋಣ ಸುಮ್ಮನಿರಿ" ಎಂದು ಅವರೇ ತೀರ್ಪು ಕೊಟ್ಟರು. ಪ್ಯಾರಡೈಸ್‌ನ ಹುಲ್ಲುಗಾವಲಿನಲ್ಲಿ ಹಿಮ ಕರಗಿ ಹೂ ತುಂಬುವುದು ಸಾಮಾನ್ಯವಾಗಿ ಜುಲೈ ಕೊನೆ, ಆಗಸ್ಟ್‌ನಲ್ಲಿ.

ಬೇಡ ಎನ್ನುವುದು ಬರೀ ಬೇಸರದ ಮಾತಲ್ಲ. ಎಪ್ಪತ್ತು ದಾಟಿದವರು ಹಿಮಗಟ್ಟಿದ ಪಾರ್ಕಿಂಗಿನಲ್ಲಿ ಜಾರಿದರೆ ಸೊಂಟದ ಮೂಳೆಗೇ ಪೆಟ್ಟು. ಸಂದರ್ಶಕರಿಗೆಂದು ಮಾಡಿಸುವ ವಿಮೆಯಲ್ಲಿ ಮಿತಿ, ವಿನಾಯಿತಿಗಳು ಬೇಕಾದಷ್ಟಿರುತ್ತವೆ. ಅಮೆರಿಕದ ಆಸ್ಪತ್ರೆಯ ಬಿಲ್ಲು ಮಗನ ಅಥವಾ ಮಗಳ ವರ್ಷದ ಉಳಿತಾಯವನ್ನೇ ತಿಂದುಹಾಕಬಲ್ಲದು. ಬಿಲ್ಲಿಗಿಂತ ಭಾರವಾದದ್ದು, ನಡೆದಾಡಿಕೊಂಡು ಬಂದವರು ಗಾಲಿಕುರ್ಚಿಯಲ್ಲಿ ವಿಮಾನ ಹತ್ತುವುದು.

ಚಿತ್ರದಲ್ಲಿ ಕಾಣದ್ದು

ಬ್ಯಾಲೆನ್ಸ್ ಶೀಟ್ ಮಾರ್ಚ್ 31ರ ಸ್ಥಿತಿ ಹೇಳುತ್ತದೆ, ಏಪ್ರಿಲ್‌ನಲ್ಲಿ ಏನಾಗುತ್ತದೆಂದು ಹೇಳುವುದಿಲ್ಲ. ಕ್ಯಾಮೆರಾವೂ ಅಷ್ಟೇ. ಬೆಳಿಗ್ಗೆ ಏಳಕ್ಕೆ ಹೊಳೆಯುತ್ತಿದ್ದ ಬೆಟ್ಟ ನಾವು ತಲುಪುವ ಹೊತ್ತಿಗೆ ಮುಸುಕೆಳೆದುಕೊಂಡಿರಬಹುದು. ಹಾಗಾಗಿ ಚಿತ್ರದ ಜೊತೆ ಹವಾಮಾನ ಮುನ್ಸೂಚನೆ, ರಸ್ತೆಯ ಸ್ಥಿತಿ ಎರಡನ್ನೂ ತಾಳೆ ನೋಡಬೇಕು.

ಲಾಂಗ್‌ಮೈರ್‌ಗೂ ಪ್ಯಾರಡೈಸ್‌ಗೂ ನಡುವಿನ ತಿರುವಿನ ರಸ್ತೆ ಈ ಕ್ಯಾಮೆರಾಗಳಿಗೆ ಕಾಣುವುದಿಲ್ಲ. ಸಾವಿರ ಅಡಿ ಏರಿದರೆ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಲಾಂಗ್‌ಮೈರ್‌ನಲ್ಲಿ ಸುರಿಯುವ ಮಳೆ ಪ್ಯಾರಡೈಸ್‌ನಲ್ಲಿ ಹಿಮ. ನಡುವೆ ಎಲ್ಲೋ ನೀರು ಹೆಪ್ಪುಗಟ್ಟಿ ಗಾಜಿನಂತಾಗಿರುತ್ತದೆ, ಗಾಳಿಯ ರಭಸವೂ ಫೋಟೊದಲ್ಲಿ ತಿಳಿಯದು. ನವೆಂಬರ್ 1ರಿಂದ ಮೇ 1ರವರೆಗೆ ಉದ್ಯಾನದೊಳಗೆ ಹೋಗುವ ಎಲ್ಲ ವಾಹನಗಳಲ್ಲೂ ಟೈರ್ ಚೈನ್ ಇರಲೇಬೇಕು, ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೂ ಸರಿ. ಚಳಿಗಾಲದಲ್ಲಿ ಲಾಂಗ್‌ಮೈರ್ ಗೇಟನ್ನು ರಾತ್ರಿ ಮುಚ್ಚಿ, ಹಿಮ ತೆಗೆದ ಮೇಲಷ್ಟೇ ತೆರೆಯುತ್ತಾರೆ. ಕೆಲವು ಚಳಿಗಾಲಗಳಲ್ಲಿ ವಾರದ ಕೆಲವೇ ದಿನ ತೆರೆದದ್ದೂ ಇದೆ. ಚಿತ್ರದಲ್ಲಿ ಬಿಸಿಲಿದ್ದ ಮಾತ್ರಕ್ಕೆ ಗೇಟು ತೆರೆದಿದೆ ಎಂದಲ್ಲ.

ಊರಿನಲ್ಲಿರುವವರಿಗೆ

ಈ ಚಿತ್ರಗಳು ಶಿವಮೊಗ್ಗದಲ್ಲೂ ಹುಬ್ಬಳ್ಳಿಯಲ್ಲೂ ಹೀಗೆಯೇ ಕಾಣುತ್ತವೆ. ಭಾರತದ ಸಮಯ ಸಿಯಾಟಲ್‌ಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದು. ನಾವು ಬೇಸಿಗೆಯ ಬೆಳಿಗ್ಗೆ ಏಳಕ್ಕೆ ನೋಡುವ ಬೆಟ್ಟವನ್ನು ನೀವು ಸಂಜೆ ಏಳೂವರೆಗೆ, ದೇವರಿಗೆ ದೀಪ ಹಚ್ಚಿ ಕೂತಾಗ ನೋಡಬಹುದು. ಚಳಿಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ತೆರೆದು ಪರದೆ ಕಪ್ಪಾಗಿದ್ದರೆ ಕ್ಯಾಮೆರಾ ಕೆಟ್ಟಿಲ್ಲ, ಇಲ್ಲಿ ಕತ್ತಲಾಗಿದೆ ಅಷ್ಟೇ.

ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮಕ್ಕಳು ಬೆಟ್ಟಕ್ಕೆ ಹೋಗಿದ್ದಾರೆ, ಫೋನ್ ಹತ್ತುತ್ತಿಲ್ಲ, ಕ್ಯಾಮೆರಾದಲ್ಲಿ ನೋಡಿದರೆ ಮೋಡ ಕವಿದಿದೆ ಎಂದರೆ ಊರಿನ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಆದ್ದರಿಂದ ಇಲ್ಲಿರುವ ನಾವು ಹೊರಡುವ ಮುನ್ನ ಎರಡು ವಿಷಯ ಮೆಸೇಜ್ ಮಾಡಿ ಹೊರಡಬೇಕು: ಎಲ್ಲಿಯವರೆಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಕೆಳಗಿಳಿದು ಸುದ್ದಿ ಕೊಡುತ್ತೇವೆ. ಆ ಗಂಟೆಯವರೆಗೆ ನೀವು ನಿಶ್ಚಿಂತೆಯಿಂದಿರಿ. ಸಿಗ್ನಲ್ ಸಿಕ್ಕ ಕೂಡಲೇ ಮೊದಲ ಫೋನ್ ಊರಿಗೇ ಬರುತ್ತದೆ.