ಮೊಣಕಾಲು ಸಂಧಿವಾತ: ನೋವು ನಿವಾರಕ ಗುಳಿಗೆಗಳ ಬಳಕೆ ಹಾಗೂ ರೋಗಿಯ ತೃಪ್ತಿ

ಸಾರ್ವಜನಿಕರ ಮಾಹಿತಿಗಾಗಿ

ಬಾದಾಮಿ ತಾಲ್ಲೂಕಿನ ಚೊಳಚಗುಡ್ಡ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕಳೆ ತೆಗೆಯುವುದು, ರೊಟ್ಟಿ ಬಡಿಯುವುದು ಮೊದಲಾದ ಅನೇಕ ಕೆಲಸಗಳನ್ನು ನೆಲದ ಮೇಲೆ ಕುಳಿತೇ ಮಾಡಲಾಗುತ್ತದೆ. ಆದುದರಿಂದ ಮೊಣಕಾಲಿನ ಕೀಲು ಸವೆದ ಹಿರಿಯರಿಗೆ ನಿತ್ಯದ ಬದುಕೇ ಕಷ್ಟವಾಗುತ್ತದೆ. ಇಂತಹವರು ಬಳಸುವ ಉರಿಯೂತ ನಿವಾರಕ ಗುಳಿಗೆಗಳ ಪ್ರಯೋಜನ ಮತ್ತು ಮಿತಿಗಳನ್ನು ಇಲ್ಲಿ ವಿವರಿಸಲಾಗಿದೆ.

1. ಗುಳಿಗೆಯ ಕಾರ್ಯ

ಐಬುಪ್ರೊಫೆನ್, ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ಮುಂತಾದ ಔಷಧಗಳು ಕೀಲಿನ ಬಾವು ಮತ್ತು ನೋವನ್ನು ಕಡಿಮೆ ಮಾಡುತ್ತವೆ. ಆದರೆ ಸವೆದ ಮೃದ್ವಸ್ಥಿಯನ್ನು ಅವು ಮರಳಿ ಬೆಳೆಸುವುದಿಲ್ಲ. ಔಷಧದ ಪ್ರಭಾವ ಇಳಿದ ನಂತರ ನೋವು ಮರಳುವುದು ಸಹಜ.

2. ತೃಪ್ತಿಯನ್ನು ಅಳೆಯುವ ಕ್ರಮ

“ನೋವು ಹೋಯಿತು” ಎಂಬ ಒಂದೇ ಮಾತಿನಿಂದ ಚಿಕಿತ್ಸೆಯ ಫಲವನ್ನು ನಿರ್ಧರಿಸಲಾಗದು. 1982ರಲ್ಲಿ ಕೆನಡಾದಲ್ಲಿ ರೂಪುಗೊಂಡ ವೊಮ್ಯಾಕ್ ಎಂಬ ಪ್ರಶ್ನಾವಳಿಯಲ್ಲಿ 24 ಪ್ರಶ್ನೆಗಳಿದ್ದು, ನೋವಿಗೆ 5, ಬಿಗಿತಕ್ಕೆ 2 ಹಾಗೂ ದೈನಂದಿನ ಚಟುವಟಿಕೆಗಳಿಗೆ 17 ಪ್ರಶ್ನೆಗಳು ಮೀಸಲಾಗಿವೆ. ಮೂಲ ಪ್ರಶ್ನಾವಳಿಯಲ್ಲಿ ಕಾರು ಹತ್ತಿ ಇಳಿಯುವ ಪ್ರಶ್ನೆಯಿದೆ. ಚಕ್ಕಳಮಕ್ಕಳ ಹಾಕಿ ಅಥವಾ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವ ಪ್ರಶ್ನೆಯಿಲ್ಲ. ಆದುದರಿಂದ ಈ ಭಾಗದ ರೋಗಿಗಳು ಕೆಳಗಿನ ಅಂಶಗಳನ್ನು ವೈದ್ಯರಿಗೆ ತಾವಾಗಿಯೇ ತಿಳಿಸುವುದು ಅಗತ್ಯ:

ಅ) ನೆಲದಿಂದ ಆಸರೆಯಿಲ್ಲದೆ ಏಳಲು ಸಾಧ್ಯವೇ?
ಆ) ಮೆಟ್ಟಿಲು ಹತ್ತಿ ಇಳಿಯುವಾಗ ನೋವು ಎಷ್ಟು?
ಇ) ಎಷ್ಟು ದೂರ ನಡೆಯಬಹುದು? ರಾತ್ರಿ ನಿದ್ರೆ ಬರುವುದೇ?
ಈ) ವಾರಕ್ಕೆ ಎಷ್ಟು ಗುಳಿಗೆ ನುಂಗಲಾಗುತ್ತಿದೆ?

3. ತೃಪ್ತಿ ಬೇರೆ, ಸುರಕ್ಷತೆ ಬೇರೆ

ನೋವು ಶಮನವಾದ ಮಾತ್ರಕ್ಕೆ ಔಷಧವು ನಿರಪಾಯಕಾರಿ ಎಂದು ಭಾವಿಸಬಾರದು. ಹೊಟ್ಟೆಗೆ ಹಿತವೆಂದು ಹೆಸರಾಗಿದ್ದ ರೊಫೆಕಾಕ್ಸಿಬ್ ಎಂಬ ಔಷಧವನ್ನು ಹೃದಯಾಘಾತದ ಅಪಾಯದ ಕಾರಣ 2004ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಭಾರತದಲ್ಲಿಯೂ ಅದೇ ವರ್ಷ ನಿಷೇಧಿಸಲಾಯಿತು. ಇಂದು ಬಳಕೆಯಲ್ಲಿರುವ ಗುಳಿಗೆಗಳಿಂದಲೂ ಹೊಟ್ಟೆಹುಣ್ಣು, ರಕ್ತಸ್ರಾವ, ರಕ್ತದೊತ್ತಡ ಏರಿಕೆ ಹಾಗೂ ಮೂತ್ರಪಿಂಡದ ತೊಂದರೆ ಉಂಟಾಗಬಹುದು. ಮೂತ್ರಪಿಂಡದ ಹಾನಿಯು ಆರಂಭದಲ್ಲಿ ನೋವಿಲ್ಲದೆ ಮುಂದುವರಿಯುವುದರಿಂದ, ಗುಳಿಗೆಯಿಂದ ತೃಪ್ತನಾದ ರೋಗಿಗೆ ಅದು ತಿಳಿಯದೇ ಹೋಗಬಹುದು.

4. ಪಾಲಿಸಬೇಕಾದ ಎಚ್ಚರಿಕೆಗಳು

ಅ) ಹಳೆಯ ಚೀಟಿ ತೋರಿಸಿ ಅಥವಾ ನೆರೆಯವರ ಮಾತು ಕೇಳಿ ಗುಳಿಗೆ ಖರೀದಿಸಬಾರದು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ನಡೆದು ಬರುವ ಹಿರಿಯರು ಮುಂಜಾಗ್ರತೆಯೆಂದು ಹೆಚ್ಚುವರಿ ಗುಳಿಗೆ ನುಂಗಬಾರದು.
ಆ) ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಆಗಿರಬಹುದು. ಎರಡು ಬಗೆಯ ನೋವು ಗುಳಿಗೆಗಳನ್ನು ಒಟ್ಟಿಗೆ ಸೇವಿಸಬಾರದು.
ಇ) ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಅಥವಾ ಹೊಟ್ಟೆಹುಣ್ಣು ಇದ್ದವರು ಅದನ್ನು ಮೊದಲೇ ತಿಳಿಸತಕ್ಕದ್ದು.
ಈ) ಮಲ ಕಪ್ಪಾಗುವುದು, ರಕ್ತವಾಂತಿ, ಕಾಲು ಬಾವು, ಮೂತ್ರ ಕಡಿಮೆಯಾಗುವುದು ಅಥವಾ ಎದೆನೋವು ಕಂಡುಬಂದಲ್ಲಿ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು.

5. ಇತರ ಉಪಾಯಗಳು

ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮತ್ತು ತೂಕ ಇಳಿಕೆ ಈ ಚಿಕಿತ್ಸೆಯ ಬುನಾದಿಯಾಗಿವೆ. ಇದೇ ವರ್ಗದ ಔಷಧವುಳ್ಳ ಹಚ್ಚುವ ಮುಲಾಮು ರಕ್ತಕ್ಕೆ ಕಡಿಮೆ ಸೇರುವುದರಿಂದ, ಮೊಣಕಾಲಿನ ನೋವಿಗೆ ಮೊದಲು ಅದನ್ನೇ ಬಳಸಿ ನೋಡುವಂತೆ ವೈದ್ಯರು ಸಲಹೆ ನೀಡುವುದುಂಟು.

6. ಸೇವೆ ಪಡೆಯುವ ವಿಧಾನ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಬಾದಾಮಿ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು. ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದಲ್ಲಿ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬಹುದು. ಬರುವಾಗ ಆಧಾರ್ ಕಾರ್ಡ್, ಪಡಿತರ ಚೀಟಿ, ಹಿಂದಿನ ಚೀಟಿಗಳು ಹಾಗೂ ಸೇವಿಸುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಯನ್ನು ತರತಕ್ಕದ್ದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯುವ ಸೌಲಭ್ಯಗಳ ವಿವರಗಳಿಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಸಂಪರ್ಕಿಸಬಹುದು.

ಗುಳಿಗೆಯಿಂದ ನೆಮ್ಮದಿ ದೊರೆತವರೂ ವೈದ್ಯರು ತಿಳಿಸಿದ ದಿನ ತಪ್ಪದೆ ಮರುಪರೀಕ್ಷೆಗೆ ಹಾಜರಾಗಬೇಕೆಂದು ಕೋರಲಾಗಿದೆ.